ಮೂಗಿನ ಪಕ್ಕ ಆಪರೇಷನ್, ಎಚ್ಚರ ಇರುವಾಗಲೇ ಮಾಡುತ್ತಾರಂತೆ. ಮಾಡಿಸಿಕೊಂಡವರು ಇದ್ದರೆ ಹೇಳಿ

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 63 ವರ್ಷ. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಹೇಳಿ ನಿವೃತ್ತಿಯಾದವಳು. ಮೂಗಿನ ಎಡಪಕ್ಕ, ಮೂಗುತಿ ಚುಚ್ಚಿದ ಜಾಗಕ್ಕಿಂತ ಅರ್ಧ ಇಂಚು ಮೇಲೆ, ಕಡಲೆಬೇಳೆಯಷ್ಟು ಒಂದು ಕಪ್ಪು ಮಚ್ಚೆ ನಾಲ್ಕೈದು ವರ್ಷದಿಂದ ಇತ್ತು. ಹುಟ್ಟುಮಚ್ಚೆ ಅಲ್ಲ, ಆಮೇಲೆ ಬಂದದ್ದು. ಹೋದ ಮಳೆಗಾಲದಿಂದ ಮುಖ ಒರೆಸುವಾಗ ಟವೆಲ್ ತಾಗಿದರೆ ಸಾಕು, ರಕ್ತ. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ರಕ್ತ. ಮಗ ಹಟ ಹಿಡಿದು ಮಣಿಪಾಲಕ್ಕೆ ಕರೆದುಕೊಂಡು ಹೋದ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬೇಸಲ್ ಸೆಲ್ ಕಾರ್ಸಿನೋಮ ಅಂತ ಬಂತು. ಚರ್ಮದ ಕ್ಯಾನ್ಸರ್.

ಬರುವ ಬುಧವಾರ ಆಪರೇಷನ್. ಮುಖ ಮಾತ್ರ ಮರಗಟ್ಟಿಸುತ್ತಾರಂತೆ. ಮೊದಲು ಅದನ್ನು ತೆಗೆದು, ಅಂಚು ಶುದ್ಧ ಇದೆಯಾ ಅಂತ ಆಗಲೇ ಲ್ಯಾಬಿನಲ್ಲಿ ನೋಡಿಸಿ, ಉಳಿದಿದ್ದರೆ ಇನ್ನಷ್ಟು ತೆಗೆದು, ಕೊನೆಗೆ ಕೆನ್ನೆಯ ಚರ್ಮ ಸರಿಸಿ ಹೊಲಿಗೆ ಹಾಕುತ್ತಾರೆ. ಎಲ್ಲ ಸೇರಿ ಎರಡೂವರೆ ಮೂರು ಗಂಟೆ.

ನನ್ನ ಕಷ್ಟ ಏನೆಂದರೆ, 2009ರಲ್ಲಿ ಒಂದು ದವಡೆ ಹಲ್ಲು ಕೀಳಿಸಿದ್ದೆ. ಕೆನ್ನೆ ಊದಿ ಕೀವು ಆಗಿತ್ತು. ಎರಡು ಇಂಜೆಕ್ಷನ್ ಕೊಟ್ಟರೂ ಮರಗಟ್ಟಲಿಲ್ಲ. ನೋವಾಗುತ್ತಿದೆ ಅಂತ ಕೈ ಎತ್ತಿದೆ. "ಸ್ವಲ್ಪ ತಡ್ಕೊಳ್ಳಿ, ಆಗೇ ಹೋಯ್ತು" ಅಂದರು, ನಿಲ್ಲಿಸಲಿಲ್ಲ. ಆವತ್ತಿನಿಂದ ಆ ಥರದ ಕುರ್ಚಿ ಕಂಡರೂ ಅಂಗೈ ಬೆವರುತ್ತದೆ. ಇನ್ನೊಂದು, ಮುಖದ ಮೇಲೆ ಬಟ್ಟೆ ಮುಚ್ಚಿದರೆ ನನಗೆ ಉಸಿರು ಕಟ್ಟುತ್ತದೆ. ಚಳಿಗಾಲದಲ್ಲೂ ಕಂಬಳಿಯನ್ನು ಗಲ್ಲದ ಮೇಲೆ ಎಳೆದವಳಲ್ಲ. ಕ್ಯಾನ್ಸರ್ ಅನ್ನುವ ಮಾತಿಗಿಂತ ಆ ಬಟ್ಟೆಯೇ ರಾತ್ರಿಯೆಲ್ಲ ಕಣ್ಣಿಗೆ ಕಟ್ಟುತ್ತಿದೆ. ಇದರ ಮೇಲೆ ನಾದಿನಿ ಫೋನ್ ಮಾಡಿ, ಕತ್ತಿ ತಾಗಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ, ಮುಟ್ಟಿಸಬೇಡ ಅಂದಳು.

ಬಿಪಿ ಇದೆ, ದಿನಕ್ಕೊಂದು ಮಾತ್ರೆ. ಸಕ್ಕರೆ ಇಲ್ಲ. ಎಷ್ಟು ನೋವಾಗುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಸಮಾಧಾನಕ್ಕೆ ಬೇಡ. ಮಧ್ಯದಲ್ಲಿ ನೋವಾದರೆ ನಿಲ್ಲಿಸುತ್ತಾರಾ? ಅಷ್ಟು ಹೊತ್ತು ಮನಸ್ಸನ್ನು ಎಲ್ಲಿ ಇಡುವುದು?

ಧಾರವಾಡ ಡ್ರೈವರ್

ಅಕ್ಕೋರ, ನಮಸ್ಕಾರ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅಂತೀವ್ರಿ, ಹಂಗಽ ಕರೀತೀನಿ. ನಾ 31 ವರ್ಷ ಬಸ್ ಓಡಿಸಿದಾಂವ. ನಮ್ಮ ಗಾಡಿಯೊಳಗ ಡ್ರೈವರ್ ಬಲಕ್ಕ ಕೂಡತಾನಲ್ರಿ, ಮಧ್ಯಾಹ್ನದ ಬಿಸಲೆಲ್ಲಾ ಬಲಗೈ, ಬಲಗಿವಿ ಮ್ಯಾಲ. ನನಗ ಆ ಕಿವಿ ಮ್ಯಾಲಿನ ಅಂಚಿಗೆ ಹುಣ್ಣಾಗಿತ್ತು. ವರ್ಷ ಆದ್ರೂ ಮಾಯಲಿಲ್ಲ. ನಂದು ಸ್ಕ್ವಾಮಸ್ ಸೆಲ್ ಅನ್ನೂದು, ಚರ್ಮದ ಕ್ಯಾನ್ಸರಿನ ಇನ್ನೊಂದು ಥರ. ಮೂರು ವರ್ಷದ ಹಿಂದ ತಗಿಸೀನಿ, ಎಚ್ಚರ ಇದ್ದಾಗಽ.

ಇದ್ದದ್ದು ಇದ್ದಂಗ ಹೇಳ್ತೀನ್ರಿ. ನೋವು ಅನ್ನೂದು ಇಂಜೆಕ್ಷನ್ ಹೊತ್ತಿನ್ಯಾಗ ಐತಿ. ಸೂಜಿ ಚುಚ್ಚೂದು ಇರಿವಿ ಕಡದಂಗ, ಅದು ಏನೂ ಅಲ್ಲ. ಔಷಧ ಒಳಗ ಹೋಗೂ ಮುಂದ ಉರೀತೈತಿ. ಗಾಯಕ್ಕ ಖಾರದ ಕೈ ಹತ್ತಿದ ಉರಿ. ಒಂದು ಅರ್ಧ ನಿಮಿಷ, ಹೆಚ್ಚಂದ್ರ ಒಂದು ನಿಮಿಷ. ಆಮ್ಯಾಲ ಕಿವಿ ನಂದಲ್ಲ ಅನ್ನಿಸಿಬಿಡ್ತು.

ನನಗ ಯಾರೂ ಮೊದಲ ಹೇಳದ ಒಂದು ಮಾತೈತಿ, ನಿಮಗ ಹೇಳಾಕಽ ಬೇಕು. ಇಂಜೆಕ್ಷನ್ ಆಗಿ ಎರಡು ನಿಮಿಷಕ್ಕ ಎದಿ ಢವಢವ ಹೊಡಕೊಳ್ಳಾಕ ಹತ್ತಿತು. ಕೈ ನಡುಗಿದ್ವು. ನನಗ ಮೊದಲಽ ಎದಿಗೆ ಸ್ಟೆಂಟ್ ಹಾಕ್ಯಾರ. ಮುಗೀತು ನನ್ನ ಕಥಿ, ಹಾರ್ಟ್ ಅಟ್ಯಾಕ್ ಬಂತು ಅಂತ ತಿಳಕೊಂಡೆ. ಡಾಕ್ಟರ್ ಮಾನಿಟರ್ ನನ್ನ ಕಡೆ ತಿರುಗಿಸಿ ತೋರಿಸಿದ್ರು. "ಔಷಧದಾಗ ಅಡ್ರಿನಾಲಿನ್ ಐತ್ರಿ ಅಜ್ಜಾರ, ಅದರ ಆಟ ಇದು, ಇಳೀತೈತಿ" ಅಂದ್ರು. ಮೂರ್ನಾಕು ನಿಮಿಷಕ್ಕ ಇಳೀತು. ಮೊದಲಽ ಗೊತ್ತಿದ್ರ ಅಷ್ಟು ಹೆದರತಿದ್ದಿಲ್ಲ. ನಿಮಗ ಹಂಗಾದ್ರ ಬಾಯಿ ಬಿಟ್ಟು ಹೇಳ್ರಿ.

ವಾಸನಿ ಬರತೈತಿ. ರಕ್ತ ನಿಲ್ಲಸಾಕ ಸುಡತಾರ, ಕೂದಲ ಸುಟ್ಟಂಗ ವಾಸನಿ, ಜೊತಿಗೆ ಮಷೀನಿನ ಬೀಪ್. ನೋವಿಲ್ಲ, ಖರೆ ಆ ವಾಸನಿ ನಂದಽ ಅಂತ ಗೊತ್ತಾದಾಗ ಹೊಟ್ಟಿ ತೊಳಸತೈತಿ. ಬಾಯಿಲೆ ಉಸರಾಡ್ರಿ.

ರಕ್ತ ತೆಳ್ಳಗ ಮಾಡೂ ಗುಳಿಗಿ ತಗೋಳವರು ಯಾರರೆ ಇದನ್ನ ಓದಾಕತ್ತಿದ್ರ, ಆಪರೇಷನ್ ಐತಿ ಅಂತ ತಮ್ಮಷ್ಟಕ್ಕ ತಾವಽ ಬಿಡಬ್ಯಾಡ್ರಿ. ಸ್ಟೆಂಟ್ ಇದ್ದವರಂತೂ ಬ್ಯಾಡಽ ಬ್ಯಾಡ. ನಾ ಬಿಡಾಕ ಹೊಂಟಿದ್ದೆ, ನನ್ನ ಮಗಳು ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ಲು. ಅವರು ಗುಳಿಗಿ ನಡೆಸ್ರಿ ಅಂದ್ರು.

ಹಾಸನದಿಂದ

ಟೀಚರ್, ಇಷ್ಟೆಲ್ಲ ಯಾಕೆ ಅನುಭವಿಸಬೇಕು? ಪೂರ್ತಿ ಅನಸ್ತೇಷಿಯಾ ಕೊಡಿ ಅಂತ ಕೇಳಿಬಿಡಿ. ನಮ್ಮ ಚಿಕ್ಕಮ್ಮನಿಗೆ ಹಾಗೇ ಮಾಡಿದ್ದು, ಎದ್ದಾಗ ಎಲ್ಲ ಮುಗಿದಿತ್ತು.

ಮಂಗಳೂರು ಓಟಿ ಸಿಸ್ಟರ್

ಅಮ್ಮ, ನಾನು ಆಪರೇಷನ್ ಥಿಯೇಟರಿನಲ್ಲಿ 18 ವರ್ಷದಿಂದ ನರ್ಸ್. ನಿಮ್ಮ ಹಲ್ಲಿನ ಕಥೆ ಓದಿ ಮನಸ್ಸಿಗೆ ಬೇಜಾರಾಯಿತು. ಮೊದಲು ಅದನ್ನೇ ಹೇಳುತ್ತೇನೆ.

ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಸೋಂಕು ಇದ್ದಲ್ಲಿ ಆಮ್ಲದ ಅಂಶ ಹೆಚ್ಚು, ಮದ್ದು ನರದ ಒಳಗೆ ಇಳಿಯಲಾರದು. ನಿಮ್ಮ ಮೈಗೆ ಮದ್ದು ಹಿಡಿಯುವುದಿಲ್ಲ ಅಂತ ನೀವು ಇಷ್ಟು ವರ್ಷ ನಂಬಿದ್ದರೆ, ಅದು ಹಾಗಲ್ಲ. ಆವತ್ತು ಆ ದವಡೆಗೆ ಹಿಡಿಯಲಿಲ್ಲ, ಅಷ್ಟೇ. ನೀವು ಕೈ ಎತ್ತಿದಾಗ ನಿಲ್ಲಿಸಬೇಕಿತ್ತು. ನಿಲ್ಲಿಸದೇ ಇದ್ದದ್ದು ತಪ್ಪು.

ಲಿಗ್ನೊಕೇನ್ ಅನ್ನುವ ಮದ್ದು ಕೊಡುತ್ತಾರೆ. ಅದು ನೋವನ್ನು ತಡೆಯುತ್ತದೆ, ಮುಟ್ಟಿದ್ದು ಒತ್ತಿದ್ದು ಎಳೆದದ್ದು ಅಷ್ಟಿಷ್ಟು ಗೊತ್ತಾಗುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ತುಂಬಾ ಜನ ಟೇಬಲ್ ಮೇಲೆ ಗಾಬರಿಯಾಗುತ್ತಾರೆ. ಹೊಲಿಗೆ ಹಾಕುವಾಗ ಕೆನ್ನೆ ಎಳೆದ ಹಾಗೆ ಆಗುತ್ತದೆ, ಅದು ಮದ್ದಿನ ಪ್ರಭಾವ ಇಳಿದದ್ದಲ್ಲ. ಚುರುಕ್ ಅಂದರೆ, ಉರಿದರೆ, ಆಗ ಹೇಳಬೇಕು. ಎಷ್ಟು ಸಲ ಬೇಕಾದರೂ ಹೇಳಬಹುದು, ಮತ್ತೆ ಮದ್ದು ಹಾಕಲು ಅವಕಾಶ ಇಟ್ಟುಕೊಂಡೇ ಅಳತೆ ಹಾಕಿರುತ್ತಾರೆ.

ಡ್ರೈವರ್ ಅಣ್ಣ ಹೇಳಿದ ಉರಿ ನಿಜ. ಮದ್ದಿಗೆ ಹತ್ತಕ್ಕೆ ಒಂದರಂತೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದರೆ ಆ ಉರಿ ಬಹಳ ಕಡಿಮೆಯಾಗುತ್ತದೆ. ತೆಳು ಸೂಜಿಯಲ್ಲಿ ನಿಧಾನ ಕೊಟ್ಟರೆ ಇನ್ನೂ ಕಡಿಮೆ. ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಮೂಗಿನ ಚರ್ಮ ಬಿಗಿ, ಅಲ್ಲಿ ಚುಚ್ಚಿದರೆ ಬೇರೆ ಕಡೆಗಿಂತ ಹೆಚ್ಚು ನೋವು. ಹಾಗಾಗಿ ಕೆಲವರು ಮೊದಲು ಕಣ್ಣಿನ ಕೆಳಗೆ ಕೆನ್ನೆಯೆಲುಬಿನ ಹತ್ತಿರ ಹೊರಬರುವ ನರಕ್ಕೆ ಮದ್ದು ಕೊಡುತ್ತಾರೆ. ಕೆನ್ನೆ, ಮೂಗಿನ ಪಕ್ಕ, ಮೇಲ್ದುಟಿ ಒಟ್ಟಿಗೆ ಮರಗಟ್ಟುತ್ತವೆ. ಆಮೇಲೆ ಮೂಗಿಗೆ ಚುಚ್ಚಿದರೂ ಅಷ್ಟು ಗೊತ್ತಾಗುವುದಿಲ್ಲ.

ಬಟ್ಟೆಯ ವಿಷಯ. ಮೂಗಿನ ಆಪರೇಷನ್ನಿಗೆ ತಲೆಗೊಂದು ಬಟ್ಟೆ ಸುತ್ತಿ, ಗಲ್ಲದ ಕೆಳಗಿನಿಂದ ಇನ್ನೊಂದು ಹೊದಿಸಿ, ಮುಖ ಪೂರ್ತಿ ತೆರೆದಿಡುವ ಕ್ರಮ ಇದೆ. ಬಾಯಿ, ಮೂಗಿನ ಹೊಳ್ಳೆ ಮುಚ್ಚದೆ ಮಾಡಬಹುದು. ಕಣ್ಣಿನ ಮೇಲೆ ಮಾತ್ರ ಒದ್ದೆ ಹತ್ತಿ ಇಡುತ್ತಾರೆ, ದೀಪದ ಬೆಳಕು ಕುಕ್ಕಬಾರದು ಅಂತ. ಆದರೆ ನಿಮ್ಮ ಭಯ ಅವರಿಗೆ ಮೊದಲೇ ಗೊತ್ತಿರಬೇಕು. ಟೇಬಲ್ ಮೇಲೆ ಮಲಗಿದ ಮೇಲೆ ಹೇಳಿದರೆ ಎಲ್ಲರಿಗೂ ಗಡಿಬಿಡಿ. ಮಂಗಳವಾರವೇ ಫೋನ್ ಮಾಡಿ ಹೇಳಿ. ಕೈ ಸನ್ನೆ ಒಂದು ಮಾತಾಡಿಕೊಳ್ಳಿ. ತಲೆ ಅಲ್ಲಾಡಿಸಬೇಡಿ, ಕತ್ತಿ ಮೂಗಿನ ಹತ್ತಿರ ಇರುತ್ತದೆ. ಬಟ್ಟೆಯ ಹೊರಗೆ ಕಾಣುವ ಹಾಗೆ ಕೈ ಇಟ್ಟುಕೊಳ್ಳಿ.

ಹಾಸನದವರು ಹೇಳಿದ್ದು ತಪ್ಪಲ್ಲ. ಭಯ ತೀರಾ ತಡೆಯಲಾರದಷ್ಟಿದ್ದರೆ ಪೂರ್ತಿ ಅನಸ್ತೇಷಿಯಾವೂ ಇದೆ, ರಕ್ತನಾಳಕ್ಕೆ ಮದ್ದು ಕೊಟ್ಟು ಮಂಪರು ಬರಿಸುವುದೂ ಇದೆ. ಅದಕ್ಕೆ ಉಪವಾಸ ಬೇಕು, ಅನಸ್ತೇಷಿಯಾ ಡಾಕ್ಟರ್ ಪಕ್ಕದಲ್ಲೇ ಇರಬೇಕು, ಬಿಪಿ ಇರುವವರಿಗೆ ಸ್ವಲ್ಪ ಲೆಕ್ಕ ಹೆಚ್ಚು. ಲ್ಯಾಬಿನ ಉತ್ತರಕ್ಕೆ ಮಧ್ಯೆ ಮಧ್ಯೆ ಕಾಯುವ ಇಂಥ ಆಪರೇಷನ್ನಿಗೆ ಎಚ್ಚರ ಇರುವುದೇ ಹಗುರ ಅಂತ ನನ್ನ ಅಭಿಪ್ರಾಯ. ತೀರ್ಮಾನ ನಿಮ್ಮದು ಮತ್ತು ಡಾಕ್ಟರದ್ದು.

ನಾದಿನಿಯವರಿಗೆ ಹೇಳಿ: ಬೇಸಲ್ ಸೆಲ್ ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ತೆಗೆಯದೆ ಬಿಟ್ಟರೆ ಇದ್ದಲ್ಲೇ ಅಗಲವಾಗಿ, ಆಳವಾಗಿ ಹೋಗುತ್ತದೆ, ಮೂಗಿನ ಮೃದ್ವಸ್ಥಿಯನ್ನೂ ತಿನ್ನುತ್ತದೆ. ಹಾಗೆ ಬಿಟ್ಟು ಬಂದವರನ್ನು ನೋಡಿದ್ದೇನೆ, ಆಗ ಆಪರೇಷನ್ ಇದರ ನಾಲ್ಕು ಪಟ್ಟು.

ತೀರ್ಥಹಳ್ಳಿ ಟೀಚರ್

ಸಿಸ್ಟರ್, ನಿಮ್ಮ ಕೀವಿನ ಮಾತನ್ನು ಎರಡು ಸಲ ಓದಿದೆ. 2009ರಿಂದ ನನ್ನ ಮೈಯೇ ಹಾಗೆ ಅಂದುಕೊಂಡಿದ್ದೆ. ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಅಣ್ಣಾವ್ರೇ, ನಿಮಗೂ ಉಪಕಾರ ಆಯಿತು.

ಒಂದು ಪ್ರಶ್ನೆ. ಪಕ್ಕದ ಮನೆಯವರು ನಿದ್ದೆಗೆ ತೆಗೆದುಕೊಳ್ಳುವ ಆಲ್ಪ್ರಜೋಲಾಮ್ ಎರಡು ಮಾತ್ರೆ ಕೊಟ್ಟಿದ್ದಾರೆ. ಬುಧವಾರ ಬೆಳಿಗ್ಗೆ ಒಂದು ನುಂಗಿ ಹೋಗಲಾ?

ಮಂಗಳೂರು ಓಟಿ ಸಿಸ್ಟರ್

ಬೇಡಮ್ಮ, ದಯವಿಟ್ಟು ಬೇಡ. ಇನ್ನೊಬ್ಬರ ಮಾತ್ರೆ ನಿಮಗೆ ಎಷ್ಟು ಹಿಡಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವರು ಬೇರೆ ಮಂಪರಿನ ಮದ್ದು ಕೊಟ್ಟರೆ ಎರಡೂ ಸೇರಿ ಉಸಿರಾಟ ನಿಧಾನವಾಗಬಹುದು. ಸಮ್ಮತಿ ಪತ್ರಕ್ಕೆ ಸಹಿ ಹಾಕುವಾಗಲೂ ತಲೆ ತಿಳಿಯಾಗಿರಬೇಕು. ಬೇಕು ಅನ್ನಿಸಿದರೆ ನಿಮ್ಮ ಡಾಕ್ಟರನ್ನೇ ಕೇಳಿ, ಅವರೇ ಬರೆದುಕೊಡುತ್ತಾರೆ. ಬಿಪಿ ಮಾತ್ರೆ, ತಿಂಡಿ ಎರಡೂ ಬೆಳಿಗ್ಗೆ ಎಂದಿನಂತೆ ಅಂತ ಅವರೇ ಹೇಳಿರುತ್ತಾರೆ, ಇಲ್ಲದಿದ್ದರೆ ಕೇಳಿಕೊಳ್ಳಿ. ಜೊತೆಗೆ ಒಬ್ಬರು ಇರಲಿ.

ತೀರ್ಥಹಳ್ಳಿ ಟೀಚರ್

ಆಪರೇಷನ್ ಆಗಿ ಇವತ್ತಿಗೆ ನಾಲ್ಕನೇ ದಿನ. ಎಡಗಣ್ಣು ಈಗ ತೆರೆಯಲು ಬಂತು, ಅದಕ್ಕೇ ತಡ. ಮುಂದೆ ಯಾರಾದರೂ ನನ್ನ ಹಾಗೆ ರಾತ್ರಿ ಕೂತು ಹುಡುಕುತ್ತಾರೆ ಅಂತ ಇದ್ದದ್ದೆಲ್ಲ ಬರೆಯುತ್ತೇನೆ.

ಮಂಗಳವಾರ ಫೋನ್ ಮಾಡಿ ಹಲ್ಲಿನ ಕಥೆ, ಬಟ್ಟೆಯ ಭಯ ಎರಡೂ ಹೇಳಿದೆ. ಅಷ್ಟು ಸಾಲದು ಅನ್ನಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ: "ನೋವಾದರೆ ಬಲಗೈ ಬೆರಳು ಎತ್ತುತ್ತೇನೆ. ಆಗ ದಯವಿಟ್ಟು ಕೈ ನಿಲ್ಲಿಸಿ." ಡಾಕ್ಟರಮ್ಮ ಅದನ್ನು ಓದಿ, ಅಲ್ಲಿದ್ದ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು. ಬಿಪಿ ನೋಡಿದರೆ ಮೇಲಿನದು 168. ಹತ್ತು ನಿಮಿಷ ಸುಮ್ಮನೆ ಮಲಗಿಸಿದರು, 150ಕ್ಕೆ ಇಳಿದ ಮೇಲೆ ಶುರು.

ಬೈಕಾರ್ಬೊನೇಟ್ ಬೆರೆಸುತ್ತೀರಾ ಅಂತ ಕೇಳಿದೆ. "ಬೆರೆಸಿಯೇ ಇದೆ" ಅಂದರು. ಮೊದಲ ಚುಚ್ಚು ಸಿಸ್ಟರ್ ಹೇಳಿದ ಜಾಗಕ್ಕೇ, ಕಣ್ಣಿನ ಕೆಳಗೆ. ಚುಚ್ಚುವಾಗ ಪಕ್ಕದ ಚರ್ಮವನ್ನು ಬೆರಳಲ್ಲಿ ಹಿಂಡಿ ಹಿಡಿದಿದ್ದರು, ಯಾವುದು ಹಿಂಡಿದ್ದು ಯಾವುದು ಸೂಜಿ ಅಂತ ಸರಿಯಾಗಿ ತಿಳಿಯಲಿಲ್ಲ. ಹದವಾದ ಉರಿ. ನಾನು ಇಪ್ಪತ್ತೆರಡರ ತನಕ ಎಣಿಸಿದೆ, ನಿಂತಿತು. ಆಮೇಲೆ ಮೂಗಿಗೆ ನಾಲ್ಕು ಕಡೆ ಕೊಟ್ಟರು. ಮೂರು ಗೊತ್ತೇ ಆಗಲಿಲ್ಲ. ಮೂಗಿನ ತುದಿಯ ಕಡೆಯದು ಒಂದು ಚೆನ್ನಾಗಿಯೇ ನೋವಾಯಿತು, ಕಣ್ಣಲ್ಲಿ ನೀರು ಬಂತು.

ಎದೆ ಹೊಡೆದುಕೊಂಡಿತು ಅಣ್ಣಾವ್ರೇ, ನೀವು ಹೇಳಿದ ಹಾಗೇ. ನಮ್ಮ ಕಡೆಯವರಿಗೆ ಗೊತ್ತಾಗುವ ಹಾಗೆ ಹೇಳಬೇಕೆಂದರೆ ಅಡಿಕೆ ಸೊಕ್ಕಿದ ಹಾಗೆ. ಕಿವಿ ಬಿಸಿ, ಅಂಗೈ ಬೆವರು, ಎದೆ ಢವಢವ. ಇದು ಬರುತ್ತದೆ ಅಂತ ಗೊತ್ತಿದ್ದದ್ದರಿಂದ ಕಾದು ಕೂತೆ, ಹೋಯಿತು. ನೀವು ಬರೆಯದೇ ಇದ್ದಿದ್ದರೆ ಅಲ್ಲೇ ಎದ್ದು ಬಿಡುತ್ತಿದ್ದೆ.

ಮುಖಕ್ಕೆ ಬಟ್ಟೆ ಹಾಕಲಿಲ್ಲ. ಕಣ್ಣಿಗೆ ತಣ್ಣಗಿನ ಒದ್ದೆ ಹತ್ತಿ. ಗಲ್ಲದ ಹತ್ತಿರ ಬಟ್ಟೆ ಬಂದಾಗ ಒಂದು ಕ್ಷಣ ಉಸಿರು ಮೇಲಕ್ಕೆ ಸಿಕ್ಕಿಕೊಂಡಿತು. ಒಬ್ಬಳು ನರ್ಸಿಂಗ್ ಹುಡುಗಿ ನನ್ನ ಎಡಗೈ ಹಿಡಿದುಕೊಂಡು, "ಬಾಯಲ್ಲಿ ಗಾಳಿ ಎಳ್ಕೊಳ್ಳಿ ಅಮ್ಮ, ನಿಧಾನ ಬಿಡಿ, ಬಿಡುವುದು ಉದ್ದ ಇರಲಿ" ಅಂದಳು. ಆರೇಳು ಸಲ ಮಾಡಿದ ಮೇಲೆ ಸರಿಹೋಯಿತು. ಆ ಹುಡುಗಿ ಕೊನೆತನಕ ಕೈ ಬಿಡಲಿಲ್ಲ. ಅವಳ ಮುಖ ನಾನು ಸರಿಯಾಗಿ ನೋಡಲೂ ಇಲ್ಲ.

ಮನಸ್ಸು ಎಲ್ಲಿಡುವುದು ಅಂತ ಕೇಳಿದ್ದೆನಲ್ಲ. ದೇವರ ನಾಮ ಹೇಳಿಕೊಳ್ಳೋಣ ಅಂದುಕೊಂಡು ಹೋಗಿದ್ದೆ. ಬಾಯಿಪಾಠ ಆದ್ದರಿಂದ ನಾಲಿಗೆ ಅದರಷ್ಟಕ್ಕೆ ಹೇಳುತ್ತಿತ್ತು, ಮನಸ್ಸು ಕತ್ತಿಯ ಹತ್ತಿರವೇ ಇತ್ತು. ಆಗ ಹತ್ತೊಂಬತ್ತರ ಮಗ್ಗಿ ಶುರು ಮಾಡಿದೆ. ಅದು ಸುಮ್ಮನೆ ಬರುವುದಿಲ್ಲ, ಲೆಕ್ಕ ಹಾಕಬೇಕು. ಹತ್ತೊಂಬತ್ತೇಳಲೆ ನೂರ ಮೂವತ್ತಮೂರು. ಆಮೇಲೆ ಹಿಂದಿನಿಂದ, ನೂರ ತೊಂಬತ್ತರಿಂದ ಇಳಿಯುತ್ತ ಬಂದೆ. ಅದು ಮುಗಿದರೆ ಹದಿನೇಳರದ್ದು. ಬೀಪ್ ಶಬ್ದ, ಸುಟ್ಟ ವಾಸನೆ ಎಲ್ಲ ಬಂತು, ಮಗ್ಗಿ ತಪ್ಪಿತು, ಮತ್ತೆ ಹಿಡಿದೆ. ತಲೆಗೆ ಸ್ವಲ್ಪ ಕಷ್ಟ ಕೊಡುವಂಥದ್ದೇ ಇಟ್ಟುಕೊಳ್ಳಬೇಕು ಅಂತ ನನಗೆ ಗೊತ್ತಾಯಿತು.

ಮೊದಲ ಸುತ್ತು ಮುಗಿದು ಬ್ಯಾಂಡೇಜ್ ಹಾಕಿ ಕೂರಿಸಿದರು, ಮುಕ್ಕಾಲು ಗಂಟೆ. ಮಗ ಕಾಫಿ ತಂದ. ಮೇಲ್ದುಟಿ ಮರಗಟ್ಟಿದೆ, ಬಿಸಿ ಕುಡಿದರೆ ಸುಟ್ಟದ್ದೂ ತಿಳಿಯುವುದಿಲ್ಲ ಅಂತ ಬೇಡ ಅಂದರು. ತಣ್ಣೀರು ಕುಡಿದೆ. ಒಂದು ಅಂಚಿನಲ್ಲಿ ಇನ್ನೂ ಉಳಿದಿದೆ ಅಂತ ಲ್ಯಾಬಿನಿಂದ ಬಂತು. ಮತ್ತೆ ಒಳಗೆ.

ಈ ಎರಡನೇ ಸುತ್ತಿನಲ್ಲಿ, ಮೂಗಿನ ಮೇಲಿನ ಅಂಚಿನ ಹತ್ತಿರ ಚುರುಕ್ ಅಂತು. ಎಳೆದದ್ದಲ್ಲ, ಒತ್ತಿದ್ದಲ್ಲ, ನೋವೇ. ಬೆರಳು ಎತ್ತಿದೆ.

ಅವರು ನಿಲ್ಲಿಸಿದರು. ಕೈ ಹಿಂದಕ್ಕೆ ತೆಗೆದರು. "ಎಲ್ಲಿ ಅಮ್ಮ?" ಅಂತ ಕೇಳಿದರು. ಇನ್ನೊಂದಿಷ್ಟು ಮದ್ದು ಕೊಟ್ಟು, ಕಾದು, ಸೂಜಿಯ ತುದಿಯಲ್ಲಿ ಮುಟ್ಟಿ "ಚೂಪಾ, ಮೊಂಡಾ?" ಅಂತ ಕೇಳಿ, ಮೊಂಡು ಅಂದ ಮೇಲೆಯೇ ಮುಂದುವರಿಸಿದರು. ಎರಡು ಮೂರು ನಿಮಿಷದ ಮಾತು. ಕಣ್ಣಿನ ಹತ್ತಿಯ ಕೆಳಗೆ ನಾನು ಅಳುತ್ತಿದ್ದೆ, ನೋವಿಗಲ್ಲ. ಆಮೇಲೆ ಮಗ್ಗಿ ಬೇಕಾಗಲಿಲ್ಲ. ಹೊಲಿಗೆ ಹಾಕುವಾಗ ಡಾಕ್ಟರಮ್ಮನ ಜೊತೆ ಆಗುಂಬೆಯ ಮಳೆಯ ವಿಷಯ ಮಾತಾಡಿದೆ, ತುಟಿ ಅಲ್ಲಾಡಿಸದೆ ಎಷ್ಟು ಆಗುತ್ತದೋ ಅಷ್ಟು.

ಆವತ್ತೇ ಘಾಟಿ ಹತ್ತುವುದು ಬೇಡ ಅಂತ ಉಡುಪಿಯ ತಮ್ಮನ ಮನೆಯಲ್ಲಿ ಉಳಿದೆ. ಮರಗಟ್ಟಿದ್ದು ಇಳಿಯುವ ಮೊದಲೇ ಡೋಲೊ 650 ತೆಗೆದುಕೊಳ್ಳಿ, ನೋವು ಬರಲಿ ಅಂತ ಕಾಯಬೇಡಿ ಅಂದಿದ್ದರು. ಸಂಜೆ ಆರಕ್ಕೆ ಒಂದು ತೆಗೆದುಕೊಂಡೆ. ಆದರೂ ರಾತ್ರಿ ಎರಡು ಗಂಟೆಗೆ ಮೂಗು, ಕೆನ್ನೆ ಪಟಪಟ ಮಿಡಿಯುತ್ತ ಎಚ್ಚರವಾಯಿತು. ನಿಜವಾದ ನೋವು ಅಂದರೆ ಆ ರಾತ್ರಿಯದೇ. ಹಲ್ಲುನೋವಿನ ಅರ್ಧ ಅನ್ನಬಹುದು. ಇನ್ನೊಂದು ಮಾತ್ರೆ, ತಲೆ ಕೆಳಗೆ ಎರಡು ದಿಂಬು, ಬಟ್ಟೆಯಲ್ಲಿ ಸುತ್ತಿದ ಐಸ್ ಬ್ಯಾಂಡೇಜಿನ ಪಕ್ಕದಲ್ಲಿ ಹತ್ತು ನಿಮಿಷ. ನಾಲ್ಕಕ್ಕೆ ನಿದ್ದೆ ಬಂತು.

ಮಾರನೆಯ ದಿನ ಕನ್ನಡಿ ನೋಡಿ ಹೆದರಿದೆ. ಎಡಗಣ್ಣು ಊದಿ ಮುಚ್ಚಿತ್ತು, ಕೆಳಗೆಲ್ಲ ನೇರಳೆ ಬಣ್ಣ. ಫೋನ್ ಮಾಡಿದರೆ, ಎರಡನೇ ದಿನವೇ ಹೆಚ್ಚು, ಆಮೇಲೆ ಇಳಿಯುತ್ತದೆ, ನೋವು ದಿನದಿನಕ್ಕೆ ಹೆಚ್ಚಾದರೆ, ಕೀವು, ಜ್ವರ, ಒತ್ತಿದರೂ ನಿಲ್ಲದ ರಕ್ತ ಇದ್ದರೆ ಮಾತ್ರ ತಕ್ಷಣ ಬನ್ನಿ ಅಂದರು. ಇದನ್ನು ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು. ಈಗ ನೇರಳೆ ಹೋಗಿ ಹಳದಿಗೆ ತಿರುಗಿದೆ. ನಿನ್ನೆಯಿಂದ ಮಾತ್ರೆ ಬೇಕಾಗಿಲ್ಲ.

ಅಂಚು ಪೂರ್ತಿ ಶುದ್ಧ ಅಂತ ಆವತ್ತೇ ಹೇಳಿದ್ದಾರೆ. ನಾದಿನಿಗೂ ಹೇಳಿದೆ. ಅವಳ ಬೆನ್ನಿನ ಮೇಲೂ ಒಂದು ಮಚ್ಚೆ ಇದೆಯಂತೆ, ತುರಿಸುತ್ತದಂತೆ. ತೋರಿಸಲು ಕರೆದುಕೊಂಡು ಹೋಗುತ್ತೇನೆ.

ಧಾರವಾಡ ಡ್ರೈವರ್

ಅಕ್ಕೋರ, ಬೆರಳು ಎತ್ತಿದಾಗ ನಿಲ್ಲಿಸಿದ್ರು ಅಂತ ಓದಿ ನನ್ನ ಕಣ್ಣಾಗೂ ನೀರು ಬಂತ್ರಿ. ನಮ್ಮ ಮನಿಯಾಕಿಗೂ ಓದಿ ಹೇಳಿದೆ. ಬಿಸಲಿಗೆ ಹೋಗೂ ಮುಂದ ಛತ್ರಿ ಮರೀಬ್ಯಾಡ್ರಿ. ಆರು ತಿಂಗಳಿಗೊಮ್ಮೆ ಮೈ ಎಲ್ಲಾ ತೋರಿಸ್ರಿ, ನನಗ ಹೋದ ವರ್ಷ ಮುಂಗೈ ಮ್ಯಾಲ ಇನ್ನೊಂದು ಸಣ್ಣದು ಸಿಕ್ಕಿತ್ತು, ಸಣ್ಣದಿದ್ದಾಗಽ ತಗದ್ರು.

ತೀರ್ಥಹಳ್ಳಿ ಟೀಚರ್

ಖಂಡಿತ ಅಣ್ಣಾವ್ರೇ. ಸಿಸ್ಟರ್, ಬುಧವಾರ ಹೊಲಿಗೆ ಬಿಚ್ಚಿಸಲು ಹೋಗಬೇಕು. ಅದಕ್ಕೂ ಇಂಜೆಕ್ಷನ್ ಇರುತ್ತದಾ?

ಮಂಗಳೂರು ಓಟಿ ಸಿಸ್ಟರ್

ಇಲ್ಲಮ್ಮ. ಒಂದೊಂದು ದಾರ ಎಳೆಯುವಾಗ ಹುಬ್ಬಿನ ಕೂದಲು ಕಿತ್ತಷ್ಟು ಚುರುಕ್ ಅನ್ನುತ್ತದೆ. ಹಕ್ಕಳೆ ಒಣಗಿ ದಾರಕ್ಕೆ ಅಂಟಿದ್ದರೆ ಮಾತ್ರ ಎಳೆತ ಜಾಸ್ತಿ. ಮೊದಲು ಸಲೈನಿನಲ್ಲಿ ಐದು ನಿಮಿಷ ನೆನೆಸಿ, ಆಮೇಲೆ ಬಿಚ್ಚಿ ಅಂತ ಹೇಳಿ. ಆ ಚೀಟಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.